ಮಾನಿಟರ್ ತೋರಿಸುವ ಬಿಳಿ ಎಷ್ಟು ಬಿಳಿ?

ತಂಗಿಯ ಮದುವೆ ಫೋಟೋಗಳನ್ನು ತಿದ್ದಿ ಆಲ್ಬಮ್ಮಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ರಾತ್ರಿ ಊಟ ಮುಗಿಸಿ, ರೂಮಿನ ದೀಪ ಆರಿಸಿ, ಎರಡು ವಾರ ಕೂತು ಒಂದೊಂದನ್ನೇ ತಿದ್ದಿದೆ. ಪರದೆಯ ಮೇಲೆ ಎಲ್ಲ ಚೆಂದವಾಗಿಯೇ ಕಾಣುತ್ತಿತ್ತು. ಆಲ್ಬಮ್ ಬಂತು. ಬಿಚ್ಚಿ ನೋಡಿದರೆ ಮುಖಗಳೆಲ್ಲ ಕಪ್ಪು. ಧಾರೆ ಸೀರೆಯ ಅರಿಶಿನ ಬಣ್ಣ ಸಾಸಿವೆಗೆ ತಿರುಗಿತ್ತು. ಮಂಟಪದ ಹಿಂದೆ ನಿಂತಿದ್ದ ಸೋದರಮಾವ ಕತ್ತಲಲ್ಲಿ ಕರಗಿಯೇ ಹೋಗಿದ್ದರು.

ಲ್ಯಾಬಿನವರದ್ದೇ ತಪ್ಪು ಅಂತ ಜಗಳಕ್ಕೇ ಫೋನ್ ಮಾಡಿದೆ. ಆ ಕಡೆ ಇದ್ದ ಹುಡುಗ ಜಗಳ ಆಡಲಿಲ್ಲ. "ಸಾರ್, ಮಾನಿಟರ್ ಬ್ರೈಟ್‌ನೆಸ್ ಎಷ್ಟಕ್ಕೆ ಇಟ್ಟಿದ್ದೀರಾ?" ಅಂತ ಮಾತ್ರ ಕೇಳಿದ. ನೂರಕ್ಕೆ ನೂರು ಇತ್ತು. ಡಬ್ಬಿಯಿಂದ ತೆಗೆದ ದಿನ ಹೇಗಿತ್ತೋ ಹಾಗೇ.

ಕತ್ತಲ ಕೋಣೆ, ಅದರೊಳಗೆ ದೀಪದ ಹಾಗೆ ಉರಿಯುವ ಪರದೆ. ಅಲ್ಲಿ ಯಾವ ಫೋಟೋ ತಾನೇ ಕಪ್ಪಾಗಿ ಕಾಣುತ್ತದೆ? ಕೆಲವು ಕಣ್ಣಿಗೆ ಚುಚ್ಚುತ್ತಿವೆ ಅಂತ ನಾನೇ ಬೆಳಕು ಇಳಿಸಿದ್ದೆ. ಕಾಗದಕ್ಕಾದರೋ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದದ್ದನ್ನು ಒಂದಿಷ್ಟು ವಾಪಸ್ ಕೊಡುತ್ತದೆ, ಅಷ್ಟೆ. ಪ್ರಿಂಟ್ ಯಂತ್ರ ನನ್ನ ಫೈಲನ್ನು ಇದ್ದ ಹಾಗೇ ಹೊಡೆದು ಕೊಟ್ಟಿತ್ತು. ಸುಳ್ಳು ಹೇಳಿದ್ದು ನನ್ನ ಪರದೆ.

ಆಮೇಲೆ ಮಾನಿಟರ್ ಕ್ಯಾಲಿಬ್ರೇಶನ್, ಅಂದರೆ ಪರದೆಯ ಬೆಳಕು, ಬಣ್ಣಗಳನ್ನು ಅಳತೆಗೆ ಸರಿಯಾಗಿ ಹೊಂದಿಸುವ ಕೆಲಸ, ಹೇಗೆ ಅಂತ ತಿಳಿಯಲು ಹೊರಟೆ. ಹೊರಗಿನಿಂದ ನೋಡಿದರೆ ನಾಲ್ಕು ಬಟನ್ ಒತ್ತುವ ಕೆಲಸ. ಒಳಗೆ ಹೊಕ್ಕರೆ ಕಣ್ಣು, ಬೆಳಕು, ಒಂದಿಷ್ಟು ಲೆಕ್ಕ, ಮತ್ತೆ ಯಾರೋ ಎಂದೋ ಕೂತು ಮಾಡಿಕೊಂಡ ಒಪ್ಪಂದಗಳು.

ಯಾರ ಮನೆ ಚಮಚ?

ಫೋಟೋ ಫೈಲಿನಲ್ಲಿ ಬಣ್ಣ ಇರುವುದಿಲ್ಲ, ಬರೀ ಅಂಕಿಗಳಿರುತ್ತವೆ. ಪ್ರತಿ ಚುಕ್ಕೆಗೂ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರ ಒಳಗೆ. ಕುಂಕುಮದ ಕೆಂಪು 200, 20, 35 ಅಂತ ಬರೆದಿದೆ ಅಂದುಕೊಳ್ಳಿ. ಅದನ್ನು ಓದಿದ ಮಾನಿಟರ್ ತನ್ನ ಬಳಿ ಇರುವ ಕೆಂಪನ್ನು 200ರ ಮಟ್ಟಕ್ಕೆ ಬೆಳಗಿಸುತ್ತದೆ. ಆದರೆ ನನ್ನ ಮಾನಿಟರಿನ ಕೆಂಪೇ ಬೇರೆ, ನಿಮ್ಮದರ ಕೆಂಪೇ ಬೇರೆ.

ಅಡುಗೆ ಪುಸ್ತಕದಲ್ಲಿ "ಒಂದು ಚಮಚ ಉಪ್ಪು" ಅಂತ ಇರುತ್ತದೆ. ಯಾರ ಮನೆ ಚಮಚ? ನಮ್ಮಜ್ಜಿಯ ಚಮಚದಲ್ಲಿ ಹಾಕಿದರೆ ಸಾರು ಬಾಯಿಗಿಡಲು ಆಗುವುದಿಲ್ಲ. ಬಣ್ಣದ ಅಂಕಿಗಳ ಕಥೆಯೂ ಹೀಗೇ. ಚಮಚದ ಅಳತೆ ಗೊತ್ತಿಲ್ಲದೆ 200 ಎಂಬ ಅಂಕಿಗೆ ಅರ್ಥವೇ ಇಲ್ಲ.

ಅದಕ್ಕೇ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಲ್ಲರಿಗೂ ಒಂದೇ ಚಮಚ ಇರಲಿ ಅಂತ ಒಂದು ಅಳತೆ ಮುಂದಿಟ್ಟವು. ಅದರ ಹೆಸರು ಎಸ್‌ಆರ್‌ಜಿಬಿ. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಕೆಂಪು ಅಂದರೆ ಇಂಥದ್ದೇ ಕೆಂಪು, ಬಿಳಿ ಅಂದರೆ ಇಂಥದ್ದೇ ಬಿಳಿ, ನಡುವಿನ ಬೂದು ಇಷ್ಟೇ ಬೆಳಗಬೇಕು ಅಂತ ಅದರಲ್ಲಿ ಬರೆದಿದೆ. ಇವತ್ತಿಗೂ ಇಂಟರ್ನೆಟ್ಟಿನ ಬಹುಪಾಲು ಚಿತ್ರಗಳು ಇದೇ ಅಳತೆಯವು. ಇದಕ್ಕಿಂತ ದೊಡ್ಡ ಚಮಚಗಳೂ ಇವೆ. ಪ್ರಿಂಟಿನವರಿಗೆ ಅಡೋಬಿ ಆರ್‌ಜಿಬಿ, ಸಿನಿಮಾದವರಿಗೆ ಪಿ3. ನಿಮ್ಮ ಮಾನಿಟರ್ ಮಾತ್ರ ಇವು ಯಾವುವನ್ನೂ ಪಾಲಿಸದೆ ತನ್ನದೇ ಚಮಚದಲ್ಲಿ ಬಡಿಸುತ್ತಿರಬಹುದು.

ಕಣ್ಣನ್ನು ನಂಬುವ ಹಾಗಿಲ್ಲ

"ನನಗೆ ಕಣ್ಣಿಲ್ವಾ? ನೋಡಿಯೇ ಸರಿ ಮಾಡಿದರಾಯ್ತು" ಅಂತ ಅನ್ನಿಸುವುದು ಸಹಜ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಣ್ಣು ಬಹಳ ಹೊಂದಾಣಿಕೆಯ ಸ್ವಭಾವದ್ದು. ಹಳದಿ ಬಲ್ಬಿನ ಕೆಳಗೆ ಪಂಚೆ ಬೆಳ್ಳಗೆ ಕಾಣುತ್ತದೆ. ಹೊರಗೆ ಬಿಸಿಲಿಗೆ ತಂದರೂ ಬೆಳ್ಳಗೇ ಕಾಣುತ್ತದೆ. ನಿಜಕ್ಕೂ ಎರಡು ಕಡೆ ಅದರಿಂದ ಬರುವ ಬೆಳಕು ಬೇರೆ ಬೇರೆ. ಮಿದುಳು ಕೆಲವೇ ನಿಮಿಷದಲ್ಲಿ "ಇಲ್ಲಿ ಇದೇ ಬಿಳಿ" ಅಂತ ಒಪ್ಪಿಕೊಂಡುಬಿಡುತ್ತದೆ. ಬದುಕಲು ಇದು ಒಳ್ಳೆಯ ಗುಣ. ಮಾನಿಟರ್ ಅಳೆಯಲು ಕೆಟ್ಟ ಗುಣ. ಪರದೆ ನೀಲಿಗೆ ವಾಲಿದ್ದರೂ ಸ್ವಲ್ಪ ಹೊತ್ತಿಗೆ ಅದೇ ಸರಿ ಅನ್ನಿಸುತ್ತದೆ.

ಇನ್ನೊಂದು ಮೋಸ ಇದೆ. ಒಗೆದ ಬಿಳಿ ಬಟ್ಟೆಗೆ ನಾವು ಯಾಕೆ ನೀಲಿ ಹಾಕುತ್ತೇವೆ? ತುಸು ನೀಲಿ ಬೆರೆತ ಬಿಳಿ ನಮಗೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ. ಮಾನಿಟರ್ ಮಾಡುವವರಿಗೂ ಈ ಗುಟ್ಟು ಗೊತ್ತು. ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಪ್ರಖರವಾದ, ನೀಲಿಗೆ ವಾಲಿದ ಪರದೆಯೇ ಗಿರಾಕಿಯ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಎಷ್ಟೋ ಮಾನಿಟರ್‌ಗಳು ಕಾರ್ಖಾನೆಯಿಂದಲೇ ನೀಲಿ ಹಾಕಿಸಿಕೊಂಡು ಬರುತ್ತವೆ.

ಕಣ್ಣು ಬೇಡವಾದರೆ ಅಳೆಯುವುದು ಹೇಗೆ? ಇಲ್ಲಿ ಒಂದು ಸ್ವಾರಸ್ಯ ಇದೆ. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಮತ್ತು ಜಾನ್ ಗಿಲ್ಡ್ ಎಂಬ ಇಬ್ಬರು ಬೇರೆ ಬೇರೆಯಾಗಿ ಒಂದೇ ಬಗೆಯ ಪ್ರಯೋಗ ಮಾಡಿದರು. ಒಂದು ಬಣ್ಣದ ಬೆಳಕು ತೋರಿಸುವುದು, ಪಕ್ಕದಲ್ಲಿ ಕೆಂಪು, ಹಸಿರು, ನೀಲಿ ದೀಪಗಳನ್ನು ಹೆಚ್ಚು ಕಡಿಮೆ ಮಾಡಿ ಅದಕ್ಕೆ ಹೊಂದಿಸಿ ಅನ್ನುವುದು. ರೈಟ್ ಹತ್ತು ಜನರನ್ನು ಕೂರಿಸಿದ್ದರು, ಗಿಲ್ಡ್ ಏಳು ಜನರನ್ನು. ಆ ಹದಿನೇಳು ಜನರ ಕಣ್ಣಿನ ಸರಾಸರಿಯೇ 1931ರಲ್ಲಿ "ಸಾಮಾನ್ಯ ನೋಡುಗ"ನ ಅಳತೆಯಾಯಿತು. ಇವತ್ತು ನಿಮ್ಮ ಮಾನಿಟರ್ ಡಬ್ಬಿಯ ಮೇಲೆ ಬರುವ ಬಣ್ಣದ ಲೆಕ್ಕಗಳು ಬಹುಮಟ್ಟಿಗೆ ಅದರ ಮೇಲೇ ನಿಂತಿವೆ.

ತಿದ್ದಬೇಕಾದದ್ದು ಏನೇನು?

ಮೊದಲನೆಯದು ಬೆಳಕು, ಅಂದರೆ ಬ್ರೈಟ್‌ನೆಸ್. ನನ್ನ ಆಲ್ಬಮ್ ಕೆಡಿಸಿದ್ದು ಇದೇ. ಇದನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಅಂತ ಅಳೆಯುತ್ತಾರೆ, ಚಿಕ್ಕದಾಗಿ ನಿಟ್ಸ್ ಅನ್ನುತ್ತಾರೆ. ಸಾಮಾನ್ಯ ಮಾನಿಟರನ್ನು ಪೂರ್ತಿ ಏರಿಸಿದರೆ 250ರಿಂದ 350 ನಿಟ್ಸ್ ಕೊಡುತ್ತದೆ. ಫೋಟೋ ತಿದ್ದಿ ಪ್ರಿಂಟಿಗೆ ಕಳಿಸುವವರಿಗೆ ಬೇಕಿರುವುದು 80ರಿಂದ 120. ಅಂದರೆ ನಾನು ಅಗತ್ಯಕ್ಕಿಂತ ಎರಡು ಮೂರು ಪಟ್ಟು ಬೆಳಕಿನಲ್ಲಿ ಕೂತಿದ್ದೆ. ಪ್ರಿಂಟ್ ಕಪ್ಪಾಗಿ ಬಂತು ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ನಯಾಪೈಸೆ ಖರ್ಚಿಲ್ಲದೆ ಸರಿಹೋಗುವ ದೋಷವೂ ಇದೇ.

ಎರಡನೆಯದು ಬಿಳಿಯ ಬಣ್ಣ. ಬಿಳಿಗೂ ಬಣ್ಣ ಇದೆಯಾ ಅಂದರೆ, ಇದೆ. ಇದನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲಿ ಲೆಕ್ಕ ಸ್ವಲ್ಪ ಉಲ್ಟಾ. ಅಂಕಿ ಕಡಿಮೆಯಾದರೆ ಹಳದಿ, ಜಾಸ್ತಿಯಾದರೆ ನೀಲಿ. ಹಳೆಯ ಬುರುಡೆ ಬಲ್ಬು 2700ರ ಆಸುಪಾಸು. ನಮ್ಮ ಮನೆಗಳಲ್ಲಿ ಉರಿಯುವ "ಕೂಲ್ ಡೇಲೈಟ್" ಎಲ್‌ಇಡಿ ಬಲ್ಬಿನ ಡಬ್ಬಿ ನೋಡಿ, 6500 ಅಂತ ಇರುತ್ತದೆ. ಎಸ್‌ಆರ್‌ಜಿಬಿ ಕೇಳುವುದೂ ಹೆಚ್ಚು ಕಡಿಮೆ ಅದನ್ನೇ. ಅದರ ಮಾನದಂಡದ ಹೆಸರು ಡಿ65. ಸರಾಸರಿ ಹಗಲ ಬೆಳಕು ಅಂತ ಇಟ್ಟುಕೊಳ್ಳಿ. ಮುದ್ರಣದ ಜಗತ್ತು ಮಾತ್ರ ಪ್ರಿಂಟನ್ನು ನೋಡಲು ಡಿ50 ಎಂಬ ತುಸು ಹಳದಿ ಬಿಳಿಯನ್ನು ಹಿಡಿದು ಕೂತಿದೆ. ಪರದೆ ಮತ್ತು ಪ್ರಿಂಟನ್ನು ಅಕ್ಕಪಕ್ಕ ಇಟ್ಟಾಗ ಹುಟ್ಟುವ ಜಗಳಕ್ಕೆ ಇದೂ ಒಂದು ಕಾರಣ.

ಮೂರನೆಯದು ಗ್ಯಾಮಾ. ಎಲ್ಲರೂ ಎಡವುವ ಜಾಗ ಇದು, ಸ್ವಲ್ಪ ನಿಂತು ನೋಡೋಣ. 255 ಅಂದರೆ ಪೂರ್ತಿ ಬೆಳಕು. ಹಾಗಾದರೆ ಅದರ ಅರ್ಧ, ಅಂದರೆ 128ಕ್ಕೆ ಎಷ್ಟು ಬೆಳಕು ಬರಬೇಕು? ಅರ್ಧ ಅಂದಿರಿ ಅಲ್ವಾ? ನಿಜಕ್ಕೂ ಬರಬೇಕಾದದ್ದು ಸುಮಾರು 22 ಶೇಕಡಾ. ಅರ್ಧವನ್ನು ಅಂದರೆ 0.5 ಅನ್ನು 2.2ರ ಘಾತಕ್ಕೆ ಏರಿಸಿದರೆ ಸಿಗುವ ಅಂಕಿ ಅದು. ಆ 2.2 ಅನ್ನೇ ಗ್ಯಾಮಾ ಅನ್ನುವುದು.

ಯಾಕೆ ಹೀಗೆ? ಕತ್ತಲಲ್ಲಿ ಒಂದು ಹಣತೆಗೆ ಇನ್ನೊಂದು ಸೇರಿದರೆ ಕಣ್ಣಿಗೆ ದೊಡ್ಡ ವ್ಯತ್ಯಾಸ. ನೂರು ಹಣತೆ ಉರಿಯುವಾಗ ಇನ್ನೊಂದು ಹಚ್ಚಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸಗಳನ್ನು ಚುರುಕಾಗಿ ಹಿಡಿಯುತ್ತದೆ, ಬೆಳಕಿನಲ್ಲಿ ಸೋಮಾರಿ. ಹಾಗಾಗಿ ಇರುವ 256 ಮೆಟ್ಟಿಲುಗಳಲ್ಲಿ ಹೆಚ್ಚಿನವನ್ನು ಕತ್ತಲ ಕಡೆಗೆ ಕೊಡುವುದು ಜಾಣತನ. ಹಳೆಯ ಪಿಕ್ಚರ್ ಟ್ಯೂಬುಗಳ ಸ್ವಭಾವವೇ ಹೆಚ್ಚು ಕಡಿಮೆ ಹಾಗಿತ್ತು. ಟ್ಯೂಬು ಹೋಯಿತು, ಲೆಕ್ಕ ಉಳಿಯಿತು. ಆಪಲ್‌ನವರು ಬಹಳ ಕಾಲ 1.8 ಇಟ್ಟುಕೊಂಡಿದ್ದರು. 2009ರಲ್ಲಿ ಅವರೂ 2.2ಕ್ಕೆ ಬಂದರು. ಮಾನಿಟರ್ ಗ್ಯಾಮಾ ಇದಕ್ಕಿಂತ ಕಡಿಮೆಯಾದರೆ ಚಿತ್ರ ಪೇಲವ, ಮಜ್ಜಿಗೆಗೆ ನೀರು ಜಾಸ್ತಿ ಹಾಕಿದ ಹಾಗೆ. ಹೆಚ್ಚಾದರೆ ನೆರಳುಗಳೆಲ್ಲ ಮಸಿ.

ನಾಲ್ಕನೆಯದನ್ನು ತಿದ್ದಲು ಬರುವುದಿಲ್ಲ. ಅದು ಗ್ಯಾಮಟ್, ಅಂದರೆ ಪರದೆಗೆ ಎಷ್ಟು ಗಾಢ ಬಣ್ಣ ತೋರಿಸುವ ತಾಕತ್ತಿದೆ ಎಂಬುದು. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರದಲ್ಲಿ "45% ಎನ್‌ಟಿಎಸ್‌ಸಿ" ಅಂತ ಇರುತ್ತದೆ. ಎನ್‌ಟಿಎಸ್‌ಸಿ ಅನ್ನುವುದು 1953ರ ಅಮೆರಿಕದ ಟಿವಿ ಅಳತೆ. ಲೆಕ್ಕ ಹಾಕಿದರೆ ಅಂಥ ಪರದೆ ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲನ್ನಷ್ಟೇ ತೋರಿಸುತ್ತದೆ. ಅದರಲ್ಲಿ ಕುಂಕುಮ ಇಟ್ಟಿಗೆಯಾಗುತ್ತದೆ. ಕ್ಯಾಲಿಬ್ರೇಶನ್ ಎಷ್ಟೇ ಮಾಡಿ, ಇಲ್ಲದ ಕೆಂಪು ಹುಟ್ಟುವುದಿಲ್ಲ. ಬಾವಿಯಲ್ಲಿ ಇದ್ದರೆ ತಾನೇ ಕೊಡಕ್ಕೆ ಬರುವುದು. ಫೋಟೋ ಕೆಲಸಕ್ಕೆ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರ್ ನೋಡುವ ಮೊದಲು ಈ ಒಂದು ಸಾಲು ನೋಡಿ. "72% ಎನ್‌ಟಿಎಸ್‌ಸಿ" ಅಂತಿದ್ದರೆ ಅದು ಹೆಚ್ಚು ಕಡಿಮೆ ಪೂರ್ತಿ ಎಸ್‌ಆರ್‌ಜಿಬಿ.

ಹತ್ತು ನಿಮಿಷ ಮುಂದಿರುವ ಗಡಿಯಾರ

ಕ್ಯಾಲಿಬ್ರೇಶನ್, ಪ್ರೊಫೈಲ್ ಎಂಬ ಎರಡು ಪದಗಳನ್ನು ಜನ ಕಲಸಿ ಮಾತಾಡುತ್ತಾರೆ. ಎರಡೂ ಬೇರೆ.

ನಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಮನೆಯವರಿಗೆಲ್ಲ ಅದು ಗೊತ್ತು. ನೋಡಿ ಹತ್ತು ಕಳೆದುಕೊಳ್ಳುತ್ತೇವೆ. ಬಸ್ಸು ತಪ್ಪುವುದಿಲ್ಲ. ಹೊರಗಿನವರು ನೋಡಿದರೆ ಮಾತ್ರ ಗಡಿಬಿಡಿ. ಈ ಗಡಿಯಾರದ ಮುಳ್ಳು ತಿರುಗಿಸಿ ಸರಿ ಮಾಡುವುದು ಕ್ಯಾಲಿಬ್ರೇಶನ್. "ಇದು ಹತ್ತು ನಿಮಿಷ ಮುಂದಿದೆ" ಅಂತ ಚೀಟಿ ಬರೆದು ಅಂಟಿಸುವುದು ಪ್ರೊಫೈಲ್. ಆ ಚೀಟಿಯೇ ಐಸಿಸಿ ಪ್ರೊಫೈಲ್ ಎಂಬ ಪುಟ್ಟ ಫೈಲು. 1993ರಲ್ಲಿ ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿ ಎಂಟು ಕಂಪನಿಗಳು ಕೂತು ಐಸಿಸಿ, ಅಂದರೆ ಇಂಟರ್‌ನ್ಯಾಶನಲ್ ಕಲರ್ ಕನ್ಸಾರ್ಶಿಯಂ ಎಂಬ ಕೂಟ ಕಟ್ಟಿದವು. ಚೀಟಿ ಬರೆಯುವ ಕ್ರಮ ಎಲ್ಲರಿಗೂ ಒಂದೇ ಇರಲಿ ಅಂತ ಒಪ್ಪಿಕೊಂಡದ್ದು ಅಲ್ಲಿ.

ಮಾನಿಟರಿನಲ್ಲಿ ಎರಡೂ ಬೇಕು. ಬೆಳಕು, ಬಿಳಿ, ಗ್ಯಾಮಾ ಈ ಮೂರನ್ನು ಮುಳ್ಳು ತಿರುಗಿಸಿ ಸರಿ ಮಾಡಬಹುದು. ಆದರೆ ನಿಮ್ಮ ಪರದೆಯ ಕೆಂಪು ಎಂಥ ಕೆಂಪು ಅನ್ನುವುದನ್ನು ಬದಲಿಸಲಾಗದು. ಅದನ್ನು ಚೀಟಿಯಲ್ಲಿ ಬರೆಯಬೇಕು. ಫೋಟೋಶಾಪ್‌ನಂಥ ಸಾಫ್ಟ್‌ವೇರ್ ಚೀಟಿ ಓದುತ್ತದೆ, "ಓಹೋ, ಇಲ್ಲಿ ಕೆಂಪು ಜಾಸ್ತಿ ಗಾಢ, ಹಾಗಾದರೆ 200ರ ಬದಲು 185 ಕಳಿಸೋಣ" ಅಂತ ತಾನೇ ಹೊಂದಿಸುತ್ತದೆ.

ಇಲ್ಲೇ ಒಂದು ಕಿವಿಮಾತು. ನಿಮ್ಮದೇ ಮಾಡೆಲ್ ಇರುವ ಬೇರೆಯವರ ಪ್ರೊಫೈಲನ್ನು ಡೌನ್‌ಲೋಡ್ ಮಾಡಿ ಹಾಕಿಕೊಳ್ಳುವವರಿದ್ದಾರೆ. ಅದು ಪಕ್ಕದ ಮನೆಯ ಗಡಿಯಾರದ ಚೀಟಿ. ಒಂದೇ ಮಾಡೆಲಿನ ಎರಡು ಮಾನಿಟರ್‌ಗಳೂ ಒಂದೇ ರೀತಿ ಇರುವುದಿಲ್ಲ. ಹಳತಾದಂತೆ ಇನ್ನೂ ದೂರ ಸರಿಯುತ್ತವೆ.

ಪೈಸೆ ಖರ್ಚಿಲ್ಲದೆ ಎಷ್ಟು ಆಗುತ್ತದೆ?

ಬಹಳ ಆಗುತ್ತದೆ. ಉಪಕರಣ ಕೊಳ್ಳುವ ಮೊದಲು ಇಷ್ಟು ಮಾಡಿ. ಮಾನಿಟರಿನ ಮೆನುವಿಗೆ ಹೋಗಿ ಎಲ್ಲವನ್ನೂ ರೀಸೆಟ್ ಮಾಡಿ. "ವಿವಿಡ್", "ಗೇಮ್", "ಡೈನಮಿಕ್ ಕಾಂಟ್ರಾಸ್ಟ್" ಎಂಬ ಅಲಂಕಾರಗಳನ್ನೆಲ್ಲ ಆಫ್ ಮಾಡಿ. ರಾತ್ರಿಯಾದಾಗ ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಇದ್ದರೆ ಅದನ್ನೂ ಆರಿಸಿ. ಇದನ್ನು ಮರೆತು ಮದುಮಗಳನ್ನು ನೀಲಿ ಮಾಡಿಟ್ಟವರು ನನಗೆ ಗೊತ್ತು. ಮೆನುವಿನಲ್ಲಿ ಎಸ್‌ಆರ್‌ಜಿಬಿ ಎಂಬ ಆಯ್ಕೆ ಇದ್ದರೆ ಹಾಕಿ. ಇಲ್ಲದಿದ್ದರೆ ಬಣ್ಣಕ್ಕೆ 6500, ಗ್ಯಾಮಾಕ್ಕೆ 2.2.

ಬ್ರೈಟ್‌ನೆಸ್ ಇಳಿಸಲು ಒಂದು ಹಳೆಯ ಉಪಾಯ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ. ನೀವು ಕೆಲಸ ಮಾಡುವ ಹೊತ್ತಿನ ರೂಮಿನ ಬೆಳಕೇ ಇರಲಿ. ಪರದೆ ದೀಪದ ಹಾಗೆ ಕಂಡರೆ ಇಳಿಸುತ್ತ ಬನ್ನಿ. ಎರಡೂ ಕಾಗದದ ಹಾಗೇ ಕಾಣುವ ತನಕ. ಕಣ್ಣಿಗೆ ನೆನಪಿನ ಶಕ್ತಿ ಕಡಿಮೆ, ಆದರೆ ಅಕ್ಕಪಕ್ಕ ಇಟ್ಟರೆ ಹೋಲಿಸುವುದರಲ್ಲಿ ಗಟ್ಟಿಗ. ಆ ಗುಣವನ್ನೇ ಇಲ್ಲಿ ದುಡಿಸಿಕೊಳ್ಳುವುದು.

ವಿಂಡೋಸ್‌ನಲ್ಲಿ ಪರದೆಯ ಬಣ್ಣ ಸರಿಪಡಿಸುವ ಸಣ್ಣ ಸಲಕರಣೆ ಒಳಗೇ ಇದೆ, ಮ್ಯಾಕ್‌ನಲ್ಲೂ ಇದೆ. ಗ್ಯಾಮಾ ನೋಡಲು ಪರವಾಗಿಲ್ಲ. ಬಣ್ಣ ಹೊಂದಿಸಲು ಅವುಗಳನ್ನು ನಂಬಿದರೆ ಮತ್ತೆ ಅದೇ ಮೋಸಗಾರ ಕಣ್ಣಿನ ಕೈಗೆ ಬೀಳುತ್ತೀರಿ.

ರೂಮನ್ನೂ ಒಮ್ಮೆ ನೋಡಿ. ಕಿಟಕಿಯ ಬಿಸಿಲು ಪರದೆಗೆ ಬೀಳಬಾರದು. ಬೆನ್ನ ಹಿಂದಿನ ಗೋಡೆ ಗಿಳಿಹಸಿರು ಇದ್ದರೆ ಆ ಹಸಿರು ಪರದೆಯಲ್ಲಿ ಪ್ರತಿಫಲಿಸುತ್ತದೆ. ಬಣ್ಣದ ಕೆಲಸ ಮಾಡುವ ಸ್ಟುಡಿಯೋಗಳ ಗೋಡೆ ಬೂದು ಇರುವುದು ಸುಮ್ನೆ ಅಲ್ಲ. ನಮ್ಮ ಮನೆಯಲ್ಲಿ ಗೋಡೆಗೆ ಬೂದು ಹೊಡೆಸುತ್ತೇನೆ ಅಂದಾಗ ಅಮ್ಮ ನೋಡಿದ ನೋಟಕ್ಕೆ ಆ ಯೋಜನೆ ಅಲ್ಲಿಗೇ ನಿಂತಿತು. ಪರದೆಯ ಹಿನ್ನೆಲೆ ಚಿತ್ರವನ್ನಾದರೂ ಬೂದು ಮಾಡಿಕೊಂಡೆ.

ಅಳೆಯುವ ಕಣ್ಣು

ಇಷ್ಟೂ ಮಾಡಿದ ಮೇಲೆ ಉಳಿಯುವ ತಪ್ಪು ಹಿಡಿಯಲು ಉಪಕರಣವೇ ಬೇಕು. ಅದರ ಹೆಸರು ಕಲರಿಮೀಟರ್. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಯುಎಸ್‌ಬಿಗೆ ಸಿಕ್ಕಿಸಿ ಪರದೆಯ ಮೇಲೆ ಹಲ್ಲಿಯ ಹಾಗೆ ಅಂಟಿಸಿ ಇಳಿಬಿಡಬೇಕು. ಸ್ಪೈಡರ್, ಕ್ಯಾಲಿಬ್ರೈಟ್ ಇವು ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು. ಒಳಗೆ ಬಣ್ಣದ ಫಿಲ್ಟರ್‌ಗಳಿರುತ್ತವೆ, ಮನುಷ್ಯನ ಕಣ್ಣಿನ ಹಾಗೆ ನೋಡಲು ಯತ್ನಿಸುತ್ತವೆ. ಆ ಹದಿನೇಳು ಜನ ಇಲ್ಲಿ ಕೂತಿದ್ದಾರೆ ಅನ್ನಿ. ಇದಕ್ಕಿಂತ ದುಬಾರಿಯಾದ ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನು ಕಾಮನಬಿಲ್ಲಿನಂತೆ ಒಡೆದು ಒಂದೊಂದು ಎಳೆಯನ್ನೂ ಅಳೆಯುತ್ತದೆ. ಪ್ರಿಂಟನ್ನೂ ಅಳೆಯಬೇಕಾದವರಿಗೆ ಅದು. ಮನೆಯಲ್ಲಿ ಬೇಡ.

ಪ್ರತಿಯೊಬ್ಬರೂ ಕೊಳ್ಳಬೇಕೆಂದೂ ಇಲ್ಲ. ನಾವು ನಾಲ್ಕು ಜನ ಸ್ನೇಹಿತರು ದುಡ್ಡು ಹಾಕಿ ಒಂದನ್ನು ತಂದಿದ್ದೇವೆ. ವರ್ಷಕ್ಕೆ ಕೆಲವೇ ಸಲ ಬೇಕಾಗುವ ವಸ್ತು, ಮದುವೆ ಮನೆಯ ದೊಡ್ಡ ಪಾತ್ರೆಯ ಹಾಗೆ.

ಕೆಲಸ ಹೀಗೆ ನಡೆಯುತ್ತದೆ. ಮಾನಿಟರ್ ಹಚ್ಚಿ ಅರ್ಧ ಗಂಟೆ ಬಿಡಬೇಕು. ಬಿಸಿಯಾಗುವ ಮೊದಲು ಅದರ ಬೆಳಕು ಒಂದೇ ಸಮ ನಿಲ್ಲುವುದಿಲ್ಲ. ಸಾಫ್ಟ್‌ವೇರ್ ತೆರೆದಾಗ ಮೊದಲು ಕೇಳುವುದು ಪರದೆ ಯಾವ ಬಗೆಯದು ಅಂತ: ಬಿಳಿ ಎಲ್‌ಇಡಿಯೋ, ಓಎಲ್‌ಇಡಿಯೋ, ಜಾಸ್ತಿ ಬಣ್ಣದ್ದೋ (ಅಂದರೆ ಗ್ಯಾಮಟ್ ದೊಡ್ಡದಿರುವುದೋ). ಇದನ್ನು ಅಡ್ಡಾದಿಡ್ಡಿ ಆರಿಸಬೇಡಿ. ಕಲರಿಮೀಟರಿನ ಫಿಲ್ಟರ್ ಕಣ್ಣಿಗೆ ಪೂರ್ತಿ ಸಮ ಇರುವುದಿಲ್ಲ. ಪರದೆಯ ಬಗೆ ಗೊತ್ತಾದರೆ ಅದಕ್ಕೆ ತಕ್ಕ ತಿದ್ದುಪಡಿ ಹಾಕಿಕೊಳ್ಳುತ್ತದೆ.

ಗುರಿ ಕೇಳುತ್ತದೆ. 120 ನಿಟ್ಸ್, ಡಿ65, ಗ್ಯಾಮಾ 2.2 ಅನ್ನಿ. ಪ್ರಿಂಟಿನ ಕೆಲಸವೇ ಹೆಚ್ಚಿದ್ದು ರೂಮು ಮಬ್ಬಾಗಿದ್ದರೆ 100 ಅಥವಾ 80. ಆಮೇಲೆ ಬಿಳಿ ತೋರಿಸಿ ಕೆಂಪು, ಹಸಿರು, ನೀಲಿಯ ಮಟ್ಟ ಎಷ್ಟಿದೆ ಅಂತ ಮೂರು ಪಟ್ಟಿಗಳಲ್ಲಿ ತೋರಿಸುತ್ತದೆ. ನೀವು ಮಾನಿಟರಿನ ಗುಂಡಿ ಒತ್ತಿ ಮೂರನ್ನೂ ಸಮಕ್ಕೆ ತರಬೇಕು. ಇದನ್ನು ಹಾರಿಸಿ "ಎಲ್ಲ ಸಾಫ್ಟ್‌ವೇರೇ ಮಾಡಲಿ" ಅಂತ ಬಿಡುವವರೇ ಜಾಸ್ತಿ. ಬಿಡಬಾರದು. ಸಾಫ್ಟ್‌ವೇರ್ ನೀಲಿಯನ್ನು ತಗ್ಗಿಸುವುದು 255ರ ಬದಲು 220 ಕಳಿಸಿ. ಅಲ್ಲಿಗೆ ನಿಮ್ಮ 256 ಮೆಟ್ಟಿಲುಗಳಲ್ಲಿ ಒಂದಷ್ಟು ಹೋದವು. ಸಂಜೆ ಆಕಾಶದ ಫೋಟೋ ತೆರೆದರೆ ನಯವಾಗಿ ಇಳಿಯಬೇಕಾದ ಬಣ್ಣದಲ್ಲಿ ಪಟ್ಟೆ ಪಟ್ಟೆ ಏಳುತ್ತವೆ. ಮಾನಿಟರಿನೊಳಗೇ ತಿದ್ದಿದರೆ ಈ ನಷ್ಟ ಕಡಿಮೆ.

ಮುಂದಿನದು ನೋಡುತ್ತ ಕೂರುವ ಕೆಲಸ. ಪರದೆಯಲ್ಲಿ ಬೂದು ಚೌಕಗಳು, ಆಮೇಲೆ ಕೆಂಪು, ಹಸಿರು, ನೇರಳೆ, ಒಂದಾದ ಮೇಲೊಂದು ಬರುತ್ತವೆ. ಉಪಕರಣ ಅಳೆಯುತ್ತದೆ. ಬೂದು ಚೌಕಗಳ ಲೆಕ್ಕದಿಂದ ಗ್ರಾಫಿಕ್ಸ್ ಕಾರ್ಡಿಗೆ ಒಂದು ತಿದ್ದುಪಡಿ ಪಟ್ಟಿ ಹೋಗುತ್ತದೆ. ಬಣ್ಣದ ಚೌಕಗಳ ಲೆಕ್ಕದಿಂದ ಪ್ರೊಫೈಲ್ ಎಂಬ ಚೀಟಿ ತಯಾರು. ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತದೆ, ಚೌಕ ಜಾಸ್ತಿ ಇಟ್ಟರೆ ತಿಂಡಿಯೂ ಆಗುತ್ತದೆ. ಉಪಕರಣದ ಜೊತೆ ಬರುವ ಸಾಫ್ಟ್‌ವೇರ್ ಇಷ್ಟವಾಗದಿದ್ದರೆ ಆರ್ಗಿಲ್ ಸಿಎಂಎಸ್ ಎಂಬ ಉಚಿತ ತಂತ್ರಾಂಶ ಇದೆ. ಡಿಸ್‌ಪ್ಲೇಕ್ಯಾಲ್ ಅದರ ಮೇಲೆ ಹೊದಿಸಿದ ಮುಖ. ಲಿನಕ್ಸ್ ಬಳಸುವವರಿಗೂ ದಾರಿ ಇದೆ ಎಂಬುದು ನನಗೆ ಖುಷಿ.

ಕೊನೆಗೆ ಒಂದು ವರದಿ ಬರುತ್ತದೆ, ಅದರಲ್ಲಿ ಡೆಲ್ಟಾ ಇ ಎಂಬ ಅಂಕಿ. ತೋರಿಸಬೇಕಾದ ಬಣ್ಣಕ್ಕೂ ತೋರಿಸಿದ ಬಣ್ಣಕ್ಕೂ ಇರುವ ದೂರ ಅದು. ಇ ಅಂದರೆ ಜರ್ಮನ್ ಭಾಷೆಯ ಎಂಪ್‌ಫಿಂಡುಂಗ್, ಅಂದರೆ ಸಂವೇದನೆ. ಸುಮಾರು 1 ಇದ್ದರೆ ಪಕ್ಕ ಪಕ್ಕ ಇಟ್ಟು ದಿಟ್ಟಿಸಿ ನೋಡಿದರೂ ಗೊತ್ತಾಗುವುದು ಕಷ್ಟ. ಸರಾಸರಿ 2ರ ಒಳಗೆ ಬಂದರೆ ಎದ್ದು ಕೆಲಸ ನೋಡಿಕೊಳ್ಳಿ. 0.8 ಬಂದಿದ್ದನ್ನು 0.6ಕ್ಕೆ ಇಳಿಸಲು ಭಾನುವಾರ ಪೂರ್ತಿ ಕೂರುವುದು ಚಟ.

ಆಮೇಲೆ ಬೀಳುವ ಗುಂಡಿಗಳು

ಕ್ಯಾಲಿಬ್ರೇಶನ್ ಮುಗಿದ ತಕ್ಷಣ ಪರದೆ ನೋಡಿದರೆ ಬೇಸರವಾಗುತ್ತದೆ. ಮಬ್ಬು, ಹಳದಿ, ಹಳೇ ಪಂಚೆ. ಹಾಳಾಯ್ತು ಅಂತ ವಾಪಸ್ ಮಾಡಬೇಡಿ. ಎರಡು ದಿನ ಹಾಗೇ ಬಿಡಿ. ಮೂರನೇ ದಿನ ಹಳೆಯ ಸೆಟ್ಟಿಂಗಿಗೆ ಒಮ್ಮೆ ಬದಲಿಸಿ ನೋಡಿದರೆ, ಇಷ್ಟು ನೀಲಿಯಲ್ಲಿ ಹೇಗೆ ಕೆಲಸ ಮಾಡುತ್ತಿದ್ದೆ ಅನ್ನಿಸುತ್ತದೆ.

ಮಾನಿಟರಿನ ಪ್ರೊಫೈಲನ್ನು ಫೋಟೋಗೆ ಅಂಟಿಸಿ ಕಳಿಸುವುದು ಇನ್ನೊಂದು ತಪ್ಪು. ಆ ಚೀಟಿ ನಿಮ್ಮ ಮನೆಯ ಗಡಿಯಾರದ್ದು, ಹೊರಗೆ ಹೋಗಬಾರದು. ಫೋಟೋ ಹೊರಹೋಗುವಾಗ ಎಸ್‌ಆರ್‌ಜಿಬಿ ಎಂಬ ಚೀಟಿಯೊಂದಿಗೇ ಹೋಗಲಿ. ಲ್ಯಾಬಿನವರು ಬೇರೆ ಕೇಳಿದರೆ ಅವರು ಕೇಳಿದ್ದನ್ನು ಕೊಡಿ.

ವಿಂಡೋಸ್‌ನಲ್ಲಿ ಎಲ್ಲ ಸಾಫ್ಟ್‌ವೇರುಗಳೂ ಚೀಟಿ ಓದುವುದಿಲ್ಲ. ಜಾಸ್ತಿ ಬಣ್ಣದ ಮಾನಿಟರ್ ಇದ್ದರೆ ಇದು ಕಣ್ಣಿಗೆ ಹೊಡೆಯುತ್ತದೆ. ಫೋಟೋಶಾಪಿನಲ್ಲಿ ಸರಿಯಾಗಿದ್ದ ಮುಖ ಬೇರೊಂದು ವೀಕ್ಷಕದಲ್ಲಿ ಟೊಮೇಟೊ ಆಗಿರುತ್ತದೆ. ಫೈಲು ಅದೇ. ಓದುವವನಿಗೆ ಅಳತೆ ಗೊತ್ತಿಲ್ಲ, ಅಷ್ಟೆ.

ಎರಡು ಮಾನಿಟರ್ ಇಟ್ಟುಕೊಂಡವರ ಪಾಡು ಬೇರೆ. ಎರಡನ್ನೂ ಒಂದೇ ಉಪಕರಣದಲ್ಲಿ ಅಳೆದು ಒಂದೇ ಅಂಕಿಗೆ ತಂದರೂ ಬಿಳಿ ತುಸು ಬೇರೆಯೇ ಕಾಣಬಹುದು. ಒಂದು ಎಲ್‌ಸಿಡಿ, ಇನ್ನೊಂದು ಓಎಲ್‌ಇಡಿ ಆದರಂತೂ ಹೆಚ್ಚು. ನಿಮ್ಮ ಕಣ್ಣು ಆ ಹದಿನೇಳು ಜನರ ಸರಾಸರಿ ಅಲ್ಲವಲ್ಲ. ಹೀಗಾದಾಗ ಒಂದನ್ನು ಮುಖ್ಯ ಅಂತ ಇಟ್ಟುಕೊಂಡು, ಎರಡನೆಯದರ ಬಿಳಿಯನ್ನು ಅಕ್ಕಪಕ್ಕ ನೋಡಿ ಕಣ್ಣಳತೆಯಲ್ಲೇ ಹೊಂದಿಸಿಕೊಳ್ಳುವುದು ವಾಸಿ.

ತಿಂಗಳಿಗೊಮ್ಮೆ ಮಾಡಿ ಅಂತ ಉಪಕರಣದ ಸಾಫ್ಟ್‌ವೇರ್ ನೆನಪಿಸುತ್ತಿರುತ್ತದೆ. ಇಂದಿನ ಎಲ್‌ಇಡಿ ಪರದೆಗಳು ಅಷ್ಟು ಬೇಗ ಜಾರುವುದಿಲ್ಲ. ನಾನು ದೊಡ್ಡ ಕೆಲಸ ಹಿಡಿಯುವ ಮೊದಲು ಮಾಡುತ್ತೇನೆ.

ನೋಡುವವರ ಫೋನು ಸರಿ ಇಲ್ಲದಿದ್ದರೆ?

ನನ್ನ ಪರಿಚಯದ ಹೆಣ್ಣುಮಗಳೊಬ್ಬರು ಇಳಕಲ್ ಸೀರೆಗಳನ್ನು ವಾಟ್ಸಾಪಿನಲ್ಲಿ ಮಾರುತ್ತಾರೆ. ಅವರ ಪ್ರಶ್ನೆ ನೇರವಾಗಿತ್ತು. "ಅಣ್ಣಾ, ನಾನು ಎಷ್ಟು ಸರಿ ಮಾಡಿದರೇನು, ಕೊಳ್ಳುವವರ ಫೋನು ಹೆಂಗಿರುತ್ತೋ ಯಾರಿಗೆ ಗೊತ್ತು?"

ಮಾತು ನಿಜ. ಕೆಲವರ ಫೋನು ನೀಲಿ, ಕೆಲವರದು ಹಳದಿ, ಬಹಳ ಜನರದು ಬಣ್ಣ ಕುದಿಸಿಟ್ಟ ವಿವಿಡ್. ಆದರೆ ಅವರೆಲ್ಲ ಎಲ್ಲ ಕಡೆಗೂ ಚದುರಿರುತ್ತಾರೆ. ನಿಮ್ಮ ಚಿತ್ರ ನಡುವಿನಲ್ಲಿದ್ದರೆ ಯಾರಿಗೂ ಅತಿಯಾಗುವುದಿಲ್ಲ. ನಿಮ್ಮ ಪರದೆ ನೀಲಿಗೆ ವಾಲಿದೆ ಅನ್ನಿ. ನೀವು ಅದನ್ನು ಸರಿದೂಗಿಸಲು ಚಿತ್ರಕ್ಕೆ ಹಳದಿ ಬೆರೆಸುತ್ತೀರಿ. ಈಗ ಹಳದಿ ಫೋನಿನವರಿಗೆ ಎರಡು ಪಾಲು ಹಳದಿ. ಅವರ ತಪ್ಪಿನ ಮೇಲೆ ನಿಮ್ಮ ತಪ್ಪೂ ಕೂತಿತು. ಇನ್ನೊಂದು ವಿಷಯವೂ ಇದೆ. ಅದೇ ಫೋನಿನಲ್ಲಿ ಅವರು ದಿನವೂ ನೂರು ಚಿತ್ರ ನೋಡುತ್ತಾರೆ, ಕಣ್ಣು ಅದಕ್ಕೆ ಹೊಂದಿಕೊಂಡಿರುತ್ತದೆ. ಉಳಿದ ಚಿತ್ರಗಳ ನಡುವೆ ನಿಮ್ಮದೊಂದೇ ವಾಲಿದ್ದರೆ ಎದ್ದು ಕಾಣುತ್ತದೆ.

ಅವರ ಸೀರೆ ಫೋಟೋಗಳನ್ನು ನೋಡಿದಾಗ ಮಾನಿಟರಿಗಿಂತ ಮೊದಲು ಬೇರೆ ರೋಗ ಸಿಕ್ಕಿತು. ಅರ್ಧ ಕಿಟಕಿ ಬೆಳಕು, ಅರ್ಧ ಹಳದಿ ಬಲ್ಬು, ಎರಡರ ನಡುವೆ ಸೀರೆ. ಇದನ್ನು ಯಾವ ಕ್ಯಾಲಿಬ್ರೇಶನ್ನೂ ಸರಿ ಮಾಡದು. ಬಲ್ಬು ಆರಿಸಿ, ಕಿಟಕಿ ಪಕ್ಕದ ನೆರಳಿಗೆ ಸೀರೆ ಹಾಸಿ, ಮೊದಲ ಫೋಟೋದಲ್ಲಿ ಒಂದು ಬೂದು ಕಾರ್ಡ್ ಇಟ್ಟೆವು. ಆ ಬೂದು ಬೂದಾಗಿ ಕಾಣುವ ಹಾಗೆ ಸರಿ ಮಾಡಿ, ಅದನ್ನೇ ಉಳಿದ ಫೋಟೋಗಳಿಗೂ ಹಾಕಿದೆವು. ಇಳಕಲ್ ಸೀರೆಯ ಟೋಪ ತೆನಿ ವಿನ್ಯಾಸದ ಸೆರಗಿನ ಕೆಂಪು, ನಿಜವಾದ ಸೀರೆಯ ಬಣ್ಣಕ್ಕೆ ಸಾಕಷ್ಟು ಹತ್ತಿರ ಬಂತು. ಒಂದು ನೇರಳೆ ಸೀರೆ ಮಾತ್ರ ಹಟ ಹಿಡಿದು ನೀಲಿಯಾಗಿಯೇ ಕೂತಿತು. ಕೆಲವು ನೇರಳೆಗಳು ಹಾಗೇ. ಕ್ಯಾಮೆರಾ ನೋಡುವ ರೀತಿಗೂ ನಮ್ಮ ಕಣ್ಣು ನೋಡುವ ರೀತಿಗೂ ಅಲ್ಲಿ ಹೊಂದಿಕೆ ಆಗುವುದಿಲ್ಲ. ಅದೊಂದನ್ನು ಸೀರೆ ಪಕ್ಕದಲ್ಲಿಟ್ಟುಕೊಂಡು ಕೈಯಾರೆ ತಿದ್ದಿದೆವು. ಪರದೆ ಸರಿ ಇದೆ ಎಂಬ ಧೈರ್ಯ ಇದ್ದದ್ದರಿಂದ ಹಾಗೆ ತಿದ್ದಲು ಬಂತು.

ತಂಗಿಯ ಆಲ್ಬಮ್ಮನ್ನು ಮತ್ತೆ ಮಾಡಿಸಿದೆ, ನನ್ನ ದುಡ್ಡಿನಲ್ಲಿ. 100 ನಿಟ್ಸ್‌ನ ಪರದೆಯಲ್ಲಿ ಹಳೆಯ ಫೈಲುಗಳನ್ನು ತೆರೆದಾಗ ಅವು ಪ್ರಿಂಟಿನಲ್ಲಿ ಬಂದಷ್ಟೇ ಕಪ್ಪಾಗಿ ಕಂಡವು. ಎಲ್ಲವನ್ನೂ ಒಂದೊಂದೇ ಎತ್ತಿದೆ. ಈ ಸಲ ಪ್ರಿಂಟ್ ಬಂದಾಗ ಅರಿಶಿನ ಅರಿಶಿನವಾಗಿತ್ತು. ಮಂಟಪದ ಹಿಂದಿನ ಕತ್ತಲಿಂದ ಸೋದರಮಾವನೂ ಹೊರಬಂದರು. ಬಾಯಿ ಅಗಲಿಸಿ ಆಕಳಿಸುತ್ತಿದ್ದರು.